ನಾಮ ಒಂದು, ಮಹನೀಯರು ಹಲವರು: ಚರಿತ್ರೆಯ ಮಾಧವರು

ಆಚಮನಕ್ಕೆ ಕುಳಿತ ಆಸ್ತಿಕನ ನಾಲಿಗೆಯಲ್ಲಿ ಕೇಶವ, ನಾರಾಯಣ ಎಂಬ ನಾಮಗಳ ಬೆನ್ನಿಗೇ ಬರುವ ಮೂರನೆಯ ನಾಮ ಮಾಧವ. ವಿಷ್ಣುಸಹಸ್ರನಾಮದಲ್ಲಿ ಈ ನಾಮವು ಒಮ್ಮೆಯಲ್ಲ, ಮೂರು ಬಾರಿ ಬರುತ್ತದೆ. ಶಾಂಕರಭಾಷ್ಯದ ಎಣಿಕೆಯಂತೆ 72ನೆಯದು, 167ನೆಯದು ಮತ್ತು 735ನೆಯದು. ಒಂದೇ ನಾಮ ಮತ್ತೆ ಮತ್ತೆ ಬಂದರೆ ಸಾವಿರದ ಲೆಕ್ಕ ಕೂಡುವುದು ಹೇಗೆ ಎಂಬ ಶಂಕೆ ಸಹಜ. ಅಕ್ಷರ ಒಂದೇ ಆದರೂ ಅರ್ಥ ಬೇರೆ ಎಂಬುದು ಅದಕ್ಕೆ ಸಮಾಧಾನ. ‘ಮಾ’ ಎಂದರೆ ಲಕ್ಷ್ಮಿ, ಆಕೆಯ ಪತಿ ಮಾಧವ. ‘ಮಾ’ ಎಂದರೆ ವಿದ್ಯೆ, ಅದರ ಒಡೆಯ ಮಾಧವ. ಮಧುವಿನ ಕುಲದಲ್ಲಿ ಅವತರಿಸಿದವನೂ ಮಾಧವ.

ದೇವರ ನಾಮದ ವಿಷಯದಲ್ಲಿ ಹಿರಿಯರು ತೋರಿದ ಈ ವಿವೇಕವನ್ನು ನಾವು ಮನುಷ್ಯರ ಹೆಸರಿನ ವಿಷಯದಲ್ಲಿಯೂ ತೋರಬೇಕಾಗಿದೆ. ಭಗವಂತನ ಈ ನಾಮವನ್ನು ಇಟ್ಟುಕೊಂಡು ಕೀರ್ತಿಶೇಷರಾದ ಮಹನೀಯರು ಅನೇಕರು. ಹೆಸರೊಂದೇ ಎಂಬ ಕಾರಣದಿಂದ ಒಬ್ಬರ ಸಾಧನೆ ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾದದ್ದೂ ಉಂಟು. ಭಕ್ತಮಹಾಶಯರಿಗೆ ಅವರಲ್ಲಿ ಕೆಲವರನ್ನಾದರೂ ಬೇರೆ ಬೇರೆಯಾಗಿ ಪರಿಚಯಿಸುವುದು ಈ ಕಿರುಲೇಖನದ ಉದ್ದೇಶ.

ಕನ್ನಡ ನಾಡಿನ ಪ್ರಾಚೀನ ರಾಜವಂಶಗಳಲ್ಲಿ ಒಂದಾದ ಗಂಗರ ಮೂಲಪುರುಷನ ಹೆಸರೇ ಮಾಧವ. ಕ್ರಿ.ಶ. 4ನೆಯ ಶತಮಾನದ ಈ ಅರಸನನ್ನು ಶಾಸನಗಳು ಕೊಂಗುಣಿವರ್ಮನೆಂದು ಕರೆಯುತ್ತವೆ. ಅವನ ಮಗ ಇಮ್ಮಡಿ ಮಾಧವನು ದತ್ತಕಸೂತ್ರಕ್ಕೆ ವೃತ್ತಿಯನ್ನು ಬರೆದ ವಿದ್ವಾಂಸನೆಂದೂ ಗಂಗರ ಶಾಸನಗಳು ತಿಳಿಸುತ್ತವೆ. ಆಯುರ್ವೇದ ಪಂಡಿತರು ಇಂದಿಗೂ ಓದುವ ‘ಮಾಧವನಿದಾನ’ದ ಕರ್ತೃ ಮತ್ತೊಬ್ಬ. ಅವನು ಇಂದುಕರನ ಮಗನಾದ ಮಾಧವಕರ. ಕಾಲ, ದೇಶಗಳು ದೂರವಾಗಿರುವುದರಿಂದ ಇವರನ್ನು ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ.

ನಿಜವಾದ ತೊಡಕು ಇರುವುದು 14ನೆಯ ಶತಮಾನದಲ್ಲಿ. ವಿಜಯನಗರ ಸಾಮ್ರಾಜ್ಯ ತಲೆಯೆತ್ತಿದ ಆ ಕಾಲದಲ್ಲಿ ದಕ್ಷಿಣ ದೇಶದಲ್ಲಿ ಮಾಧವ ಎಂಬ ಹೆಸರಿನ ಹಲವು ಮಹಾಪುರುಷರು ಏಕಕಾಲದಲ್ಲಿ ಬೆಳಗಿದರು.

ಮೊದಲನೆಯವರು ಮಾಧವಾಚಾರ್ಯರು. ‘ಪರಾಶರ ಮಾಧವೀಯ’ದ ಪ್ರಾರಂಭದಲ್ಲಿ ಅವರೇ ತಮ್ಮ ಪರಿಚಯ ಹೇಳಿಕೊಂಡಿದ್ದಾರೆ. ತಂದೆ ಮಾಯಣ, ತಾಯಿ ಶ್ರೀಮತಿ, ತಮ್ಮಂದಿರು ಸಾಯಣ ಮತ್ತು ಭೋಗನಾಥ, ಗೋತ್ರ ಭಾರದ್ವಾಜ. ತಿಥಿನಿರ್ಣಯಕ್ಕೆ ಆಧಾರವಾದ ‘ಕಾಲಮಾಧವ’ವೂ ಇವರದೇ. ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರು ಇವರ ಒಡಹುಟ್ಟಿದವರು. ಇವರೇ ಸಂನ್ಯಾಸ ಸ್ವೀಕರಿಸಿ ವಿದ್ಯಾರಣ್ಯರೆನಿಸಿ ಶೃಂಗೇರಿ ಪೀಠವನ್ನು ಅಲಂಕರಿಸಿದರೆಂಬುದು ಪರಂಪರೆಯ ನಂಬಿಕೆ. ಈ ಬಗ್ಗೆ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ವಿದ್ಯಾರಣ್ಯರು ಬ್ರಹ್ಮೀಭೂತರಾದದ್ದು 1386ರಲ್ಲಿ.

ಎರಡನೆಯವನು ಮಾಧವ ಮಂತ್ರಿ. ಇವನು ಆಂಗಿರಸ ಗೋತ್ರದವನು. ತಂದೆ ಚೌಂಡ, ತಾಯಿ ಮಾಚಾಂಬಿಕೆ, ಗುರು ಕಾಶೀವಿಲಾಸ ಕ್ರಿಯಾಶಕ್ತಿ. ಹರಿಹರ-ಬುಕ್ಕರ ಸೋದರನಾದ ಮಾರಪ್ಪನ ಬಳಿ 1347ರಲ್ಲಿಯೇ ಮಂತ್ರಿಯಾಗಿದ್ದು, ಮುಂದೆ ಬನವಾಸಿ ಮತ್ತು ಗೋವೆಯ ಪ್ರಾಂತಗಳನ್ನು ಆಳಿದನು. ಬಹಮನಿಗಳ ವಶದಲ್ಲಿದ್ದ ಗೋವೆಯನ್ನು ಗೆದ್ದು, ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ಲಿಂಗವನ್ನು ಪುನಃ ಪ್ರತಿಷ್ಠಾಪಿಸಿದವನು ಈತನೇ. ಆ ಗುಡಿ ಮುಂದೆ ಪೋರ್ತುಗೀಸರ ಕಾಲದಲ್ಲಿ ನಾಶವಾಗಿ, ದೇವರು ನಾರ್ವೆಗೆ ಸ್ಥಳಾಂತರವಾಗಿ, 1668ರಲ್ಲಿ ಶಿವಾಜಿ ಮಹಾರಾಜರಿಂದ ಜೀರ್ಣೋದ್ಧಾರವಾಯಿತು. ಮಾಧವ ಮಂತ್ರಿ ಖಡ್ಗ ಹಿಡಿದವನಷ್ಟೇ ಅಲ್ಲ, ಸೂತಸಂಹಿತೆಗೆ ‘ತಾತ್ಪರ್ಯದೀಪಿಕೆ’ ಎಂಬ ವ್ಯಾಖ್ಯಾನವನ್ನೂ ಬರೆದವನು.

ಈ ಇಬ್ಬರನ್ನು ಬಹುಕಾಲ ಒಬ್ಬರೆಂದೇ ಬಗೆಯಲಾಗಿತ್ತು. ಗೋವೆಯ ವಿಜಯವನ್ನೂ ಸೂತಸಂಹಿತೆಯ ವ್ಯಾಖ್ಯಾನವನ್ನೂ ವಿದ್ಯಾರಣ್ಯರ ಹೆಸರಿಗೆ ಬರೆದವರಿದ್ದಾರೆ. ಶಾಸನಗಳನ್ನು ಎದುರುಬದುರು ಇಟ್ಟು ಓದಿದಾಗ ಗಂಟು ಬಿಚ್ಚಿತು. ಗೋತ್ರ ಬೇರೆ, ತಂದೆತಾಯಿಗಳು ಬೇರೆ, ಗುರುಗಳು ಬೇರೆ. ಮೇಲಾಗಿ ಮಾಧವ ಮಂತ್ರಿಯ ದಾನವನ್ನು ಹೇಳುವ ತಾಮ್ರಶಾಸನ 1391ರದು, ಅಂದರೆ ವಿದ್ಯಾರಣ್ಯರು ಬ್ರಹ್ಮೀಭೂತರಾಗಿ ಐದು ವರ್ಷಗಳ ಅನಂತರದ್ದು. ವಿದ್ಯಾರಣ್ಯರ ಮಹಿಮೆಗೆ ಇದರಿಂದ ಎಳ್ಳಷ್ಟೂ ಕುಂದಿಲ್ಲ. ಆದರೆ ದೊಡ್ಡ ಹೆಸರಿನ ನೆರಳಿನಲ್ಲಿ ಮರೆಯಾಗಿದ್ದ ಒಬ್ಬ ಧರ್ಮಿಷ್ಠ ವೀರನಿಗೆ ಅವನ ಪಾಲಿನ ಪುಣ್ಯ ಮರಳಿ ದೊರೆಯಿತು.

ಮೂರನೆಯವರು ದ್ವೈತ ಪರಂಪರೆಯ ಯತಿಗಳಾದ ಶ್ರೀ ಮಾಧವತೀರ್ಥರು. ಪದ್ಮನಾಭತೀರ್ಥರು, ನರಹರಿತೀರ್ಥರ ತರುವಾಯ ಆಚಾರ್ಯ ಮಧ್ವರ ಪೀಠದಲ್ಲಿ ಕುಳಿತವರು. ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ‘ಮಧ್ವ’ ಮತ್ತು ‘ಮಾಧವ’ ಕಿವಿಗೆ ಹತ್ತಿರವಾದರೂ ಒಂದೇ ಶಬ್ದವಲ್ಲ. ದೂರದ ಊರಿನ ಲೇಖಕರು ಇವನ್ನು ಕಲಸಿಬಿಡುವುದುಂಟು. ಕಾಸರಗೋಡಿನವರಾದ ನಾವು ಹಾಗೆ ಮಾಡುವಂತಿಲ್ಲ. ಕುಂಬಳೆಯ ಅರಸ ಜಯಸಿಂಹನು ಆಚಾರ್ಯ ಮಧ್ವರನ್ನು ಗೌರವಿಸಿದ್ದು ಈ ನೆಲದಲ್ಲಿಯೇ. ತ್ರಿವಿಕ್ರಮ ಪಂಡಿತಾಚಾರ್ಯರು ವಾದದಲ್ಲಿ ಸೋತು ಅವರ ಶಿಷ್ಯರಾದದ್ದೂ, ಆ ಪಂಡಿತರ ಮಗ ನಾರಾಯಣ ಪಂಡಿತಾಚಾರ್ಯರು ‘ಸುಮಧ್ವವಿಜಯ’ವನ್ನು ರಚಿಸಿದ್ದೂ ನಮ್ಮ ಸೀಮೆಯ ಹೆಮ್ಮೆ.

ನಾಲ್ಕನೆಯವನು ಕೇರಳದ ಸಂಗಮಗ್ರಾಮದ ಮಾಧವ. ಸಂಗಮಗ್ರಾಮವೆಂದರೆ ಇಂದಿನ ಇರಿಂಞಾಲಕುಡದ ಪರಿಸರವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಸುಮಾರು 1340ರಿಂದ 1425ರ ವರೆಗೆ ಬಾಳಿದ ಈ ಗಣಿತಜ್ಞನು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಕೊನೆಯಿಲ್ಲದ ಶ್ರೇಢಿಯ ಮೂಲಕ ಕಂಡುಹಿಡಿದು, ದಶಾಂಶದ ಅನಂತರ ಹನ್ನೊಂದು ಸ್ಥಾನಗಳಷ್ಟು ಸರಿಯಾಗಿ ಕೊಟ್ಟನು. ಯುರೋಪಿನಲ್ಲಿ ಲೈಬ್ನಿಜ್ ಅದೇ ಶ್ರೇಢಿಯನ್ನು ಕಂಡದ್ದು 1670ರ ದಶಕದಲ್ಲಿ. ಮಾಧವನ ಗ್ರಂಥಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಉಳಿದ ‘ವೇಣ್ವಾರೋಹ’ದಲ್ಲಿ ಅವನು ಮನೆಯ ಹೆಸರನ್ನು ಬಕುಳ ವೃಕ್ಷದ ಸಂಕೇತದಿಂದ ಹೇಳಿ, ಅನಂತರ ತನ್ನ ಹೆಸರು ಮಾಧವ ಎಂದಿದ್ದಾನೆ. ಆ ಒಂದು ಸುಳಿವಿನಿಂದಲೇ ಅವನು ಇತರ ಮಾಧವರಿಂದ ಬೇರೆಯಾಗಿ ನಿಲ್ಲುತ್ತಾನೆ.

ಇವುಗಳಿಂದ ತಿಳಿಯುವ ಸಂಗತಿ ಒಂದೇ. ಹೆಸರು ಕರೆಯುವುದಕ್ಕೆ ಸಾಕು, ಗುರುತಿಸುವುದಕ್ಕೆ ಸಾಲದು. ದೇವರ ಸನ್ನಿಧಿಯಲ್ಲಿ ಸಂಕಲ್ಪ ಮಾಡುವಾಗ ಅರ್ಚಕರು ಹೆಸರೊಂದನ್ನೇ ಕೇಳುವುದಿಲ್ಲ. ಗೋತ್ರ, ನಕ್ಷತ್ರ, ರಾಶಿಗಳನ್ನೂ ಕೇಳುತ್ತಾರೆ. ಶಾಸನ ಬರೆಸಿದವರೂ ತಂದೆ, ಗುರು, ಗೋತ್ರ, ಶಕವರ್ಷಗಳನ್ನು ಕೊರೆಯಿಸಿದರು. ಏಳುನೂರು ವರ್ಷಗಳ ತರುವಾಯವೂ ಅವರು ಕಳೆದುಹೋಗಲಿಲ್ಲ.

ನಮ್ಮ ದೇವಾಲಯಗಳಲ್ಲಿ ಈಗ ಜೀರ್ಣೋದ್ಧಾರ, ಬ್ರಹ್ಮಕಲಶಗಳು ನಡೆಯುತ್ತಿವೆ. ದಾನಿಗಳ ಫಲಕಗಳು ಗೋಡೆ ತುಂಬುತ್ತಿವೆ. ಅವುಗಳಲ್ಲಿ ಎಷ್ಟು ಮಂದಿ ನಾರಾಯಣ, ಎಷ್ಟು ಮಂದಿ ಸುಬ್ರಾಯ, ಎಷ್ಟು ಮಂದಿ ಲಕ್ಷ್ಮಿ! ಬರೆಯಿಸುವಾಗ ಮನೆತನವನ್ನೂ ಊರನ್ನೂ ಇಸವಿಯನ್ನೂ ಸೇರಿಸಿದರೆ ಒಂದು ಸಾಲು ಹೆಚ್ಚಾದೀತು, ಅಷ್ಟೆ. ಹಳೆಯ ಚಪ್ಪಡಿಯೊಂದನ್ನು ಕಿತ್ತು ಬದಿಗಿಡುವ ಮೊದಲು ಅದರ ಮೇಲಿನ ಅಕ್ಷರಗಳನ್ನು ನಕಲು ಮಾಡಿಕೊಳ್ಳುವುದೂ ನಮ್ಮ ಕರ್ತವ್ಯ. ಅನ್ನದಾನಕ್ಕೆ ಒಂದು ಮುಡಿ ಅಕ್ಕಿ ಕೊಟ್ಟವನ ಪುಣ್ಯವೂ ಅವನದೇ ಆಗಿ ಉಳಿಯಲಿ. ಒಂದೇ ನಾಮವನ್ನು ಮೂರು ಅರ್ಥಗಳಲ್ಲಿ ಧರಿಸಿದ ಭಗವಂತನು ಸರ್ವರಿಗೂ ಸನ್ಮಂಗಲವನ್ನುಂಟುಮಾಡಲಿ.