ಉಜಿರೆಯ ಶ್ರೀ ಧ.ಮಂ. ಕಾಲೇಜು ಆವರಣ: ಕಟ್ಟಡಗಳು ಮತ್ತು ಸೌಲಭ್ಯಗಳು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ ಆರಂಭವಾಯಿತು. ಇದರ ಸ್ಥಾಪಕರು ಅಂದಿನ ಧರ್ಮಾಧಿಕಾರಿಗಳಾಗಿದ್ದ ಶ್ರೀ ರತ್ನವರ್ಮ ಹೆಗ್ಗಡೆಯವರು. 1968ರಲ್ಲಿ ಅವರ ನಂತರ ಪಟ್ಟಕ್ಕೆ ಬಂದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಕಾಲದಲ್ಲಿ ಸಂಸ್ಥೆಗಳು ಒಂದರ ಹಿಂದೆ ಒಂದರಂತೆ ಬೆಳೆದವು. ಇಂದು ಉಜಿರೆ ಎಂದರೆ ಒಂದು ಕಾಲೇಜಲ್ಲ, ಹಲವು ವಿದ್ಯಾಸಂಸ್ಥೆಗಳ ಊರು. ಇವೆಲ್ಲ ಒಂದೇ ಕಾಂಪೌಂಡಿನೊಳಗೆ ಇಲ್ಲ. ಊರಿನ ಬೇರೆ ಬೇರೆ ಕಡೆ ಹರಡಿಕೊಂಡಿವೆ. ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಯೋಚನೆಯಿರುವ ಜೈನ ಕುಟುಂಬಗಳಿಗೆ ಅನುಕೂಲವಾಗಲೆಂದು ಮುಖ್ಯ ಕಟ್ಟಡಗಳ ಮತ್ತು ಸೌಲಭ್ಯಗಳ ಪರಿಚಯ ಇಲ್ಲಿದೆ.

ಸ್ಥಳ

ಉಜಿರೆಯು ಮಂಗಳೂರಿನಿಂದ ಸುಮಾರು 65 ಕಿ.ಮೀ. ದೂರದಲ್ಲಿ, ಚಾರ್ಮಾಡಿ ಘಾಟಿಯ ಕೆಳಗೆ, ಮಂಗಳೂರು-ಮೂಡಿಗೆರೆ ರಸ್ತೆಯಲ್ಲಿದೆ. ಧರ್ಮಸ್ಥಳ ಇಲ್ಲಿಂದ 10 ಕಿ.ಮೀ. ಒಳಗೆ. ಘಟ್ಟದ ಬುಡವಾದ್ದರಿಂದ ಮಳೆ ಜೋರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತೊರೆಗಳು ತುಂಬಿ ಹರಿಯುತ್ತವೆ. ಈ ಸೀಮೆಯ ಮನೆಗಳು ಬಯಲುಸೀಮೆಯಂತೆ ಒಂದೆಡೆ ಗುಂಪಾಗಿಲ್ಲ. ಒಂದೊಂದು ಅಡಿಕೆ ತೋಟಕ್ಕೆ ಒಂದೊಂದು ಮನೆ. ಹಿಂದಿನ ಕಾಲದಲ್ಲಿ ಸಂಕ ದಾಟಿ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಹೈಸ್ಕೂಲು ಮುಗಿಸಿದ ಹುಡುಗ ಮುಂದೆ ಓದಬೇಕಾದರೆ ಮಂಗಳೂರಿಗೋ, 1958ರ ನಂತರ ಪುತ್ತೂರಿಗೋ, 1960ರ ನಂತರ ಕಾರ್ಕಳಕ್ಕೋ ಹೋಗಬೇಕಿತ್ತು. ಅಲ್ಲಿ ಉಳಿಯಲು ನೆಂಟರ ಮನೆಯಾದರೂ ಬೇಕು, ರೂಮು ಮಾಡುವಷ್ಟು ಹಣವಾದರೂ ಬೇಕು. ಇವೆರಡೂ ಇಲ್ಲದವರ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮೊದಲು ಬಂದದ್ದು ಗುರುಕುಲ

ಸಾಮಾನ್ಯವಾಗಿ ಎಲ್ಲ ಕಡೆ ಮೊದಲು ಕಾಲೇಜು ಕಟ್ಟುತ್ತಾರೆ, ವಿದ್ಯಾರ್ಥಿ ನಿಲಯ ಆಮೇಲೆ ಬರುತ್ತದೆ. ಉಜಿರೆಯಲ್ಲಿ ಕ್ರಮ ಬೇರೆ. ಕಾಲೇಜಿಗಿಂತ 26 ವರ್ಷ ಮೊದಲೇ, 1940ರಲ್ಲಿ, ಶ್ರೀ ಮಂಜಯ್ಯ ಹೆಗ್ಗಡೆಯವರು ಸಿದ್ಧವನ ಗುರುಕುಲವನ್ನು ಸ್ಥಾಪಿಸಿದರು. ಅನುಕೂಲವಿಲ್ಲದ ಮನೆಯ ಮಕ್ಕಳಿಗೆ ಊಟ, ವಸತಿ, ಶಿಸ್ತು ಮೂರೂ ಅಲ್ಲಿ ಸಿಕ್ಕಿದವು. ಬೆಳಗಿನ ಪ್ರಾರ್ಥನೆ, ಯೋಗ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು, ತೋಟದ ದುಡಿಮೆ, ಇವು ಗುರುಕುಲದ ರೂಢಿ. ಕಾಲೇಜು ಬಂದ ಮೇಲೂ ಗುರುಕುಲ ಮುಂದುವರಿಯಿತು.

ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನ ಪ್ರಸಿದ್ಧ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಹೇಳುವಾಗ ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕು ದಾನಗಳನ್ನು ಹೆಸರಿಸಿದ್ದಾರೆ. ಅಲ್ಲಿ ಅದು ಮುನಿಗಳ ಸೇವೆಗೆ ಸಂಬಂಧಿಸಿದ ಮಾತು. ಆದರೂ ಇರಲು ಜಾಗ ಕೊಡುವುದು, ಬೇಕಾದ ಸಾಧನ ಒದಗಿಸುವುದು ದಾನದ ಲೆಕ್ಕದಲ್ಲೇ ಬರುತ್ತದೆ ಎಂಬುದು ಶ್ರಾವಕರಿಗೆ ಹಳೆಯ ತಿಳುವಳಿಕೆ. ಉಜಿರೆಯ ಕಟ್ಟಡಗಳನ್ನು ಈ ಕಣ್ಣಿನಿಂದ ನೋಡಿದರೆ ಯಾವುದು ಏಕಿದೆ ಎಂದು ಸುಲಭವಾಗಿ ಅರ್ಥವಾಗುತ್ತದೆ.

ಕಾಲೇಜು ಕಟ್ಟಡಗಳು

1966ರಲ್ಲಿ ಕಾಲೇಜು ಶುರುವಾದಾಗ ಮೈಸೂರು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿತ್ತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೆ ಬಂತು. 2007ರಲ್ಲಿ ಸ್ವಾಯತ್ತ ಸ್ಥಾನ ದೊರೆಯಿತು. ಸ್ವಾಯತ್ತ ಎಂದರೆ ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು, ಫಲಿತಾಂಶ ಕೊಡುವುದು ಕಾಲೇಜಿನದೇ ಹೊಣೆ. ಪದವಿ ಪ್ರಮಾಣಪತ್ರ ಮಾತ್ರ ವಿಶ್ವವಿದ್ಯಾನಿಲಯದ್ದು. ಹೀಗಾಗಿ ಇಂತಹ ಕಾಲೇಜಿಗೆ ತರಗತಿ ಕೋಣೆಗಳ ಜೊತೆಗೆ ತನ್ನದೇ ಪರೀಕ್ಷಾ ವಿಭಾಗ, ಪ್ರಶ್ನೆಪತ್ರಿಕೆ ಮತ್ತು ಅಂಕಪಟ್ಟಿಗಳ ಭದ್ರ ಕೋಣೆ ಕೂಡ ಅಗತ್ಯ.

ಕಲೆ, ವಿಜ್ಞಾನ, ವಾಣಿಜ್ಯ ಮೂರೂ ವಿಭಾಗಗಳಲ್ಲಿ ಪದವಿ ತರಗತಿಗಳಿವೆ. ಸ್ನಾತಕೋತ್ತರ ವಿಭಾಗಗಳೂ ಇವೆ. ಪದವಿಪೂರ್ವ ಕಾಲೇಜು ಕೂಡ ಉಜಿರೆಯಲ್ಲೇ ಇರುವುದರಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಗು ಊರು ಬದಲಿಸದೆ ಎಂ.ಎ., ಎಂ.ಎಸ್ಸಿ., ಎಂ.ಕಾಂ. ತನಕ ಓದಬಹುದು. ವಿದ್ಯಾರ್ಥಿಗಳು ಕಾರ್ಯಕ್ರಮ ನಡೆಸುವ ಸಮುದಾಯ ಬಾನುಲಿ ಕೇಂದ್ರ 'ರೇಡಿಯೋ ನಿನಾದ' ಇತ್ತೀಚಿನ ಸೇರ್ಪಡೆ.

ಸಭಾಂಗಣ ಮತ್ತು ಕ್ರೀಡಾಂಗಣ

ಕಾಲೇಜಿನ ಸಭಾಂಗಣಗಳಲ್ಲಿ ಒಂದರ ಹೆಸರು ಸಮ್ಯಗ್ದರ್ಶನ, ಇನ್ನೊಂದರ ಹೆಸರು ಇಂದ್ರಪ್ರಸ್ಥ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರ ಎಂಬ ರತ್ನತ್ರಯದಲ್ಲಿ ಮೊದಲನೆಯದೇ ಈ ಹೆಸರು. ಎಲ್ಲ ಜಾತಿ ಮತದ ಮಕ್ಕಳು ಓದುವ ಕಾಲೇಜಿನಲ್ಲಿ ಸೆಮಿನಾರು, ಉಪನ್ಯಾಸಗಳ ಆಹ್ವಾನಪತ್ರಿಕೆಯ ಮೇಲೆ ಈ ಪದ ದಿನವೂ ಓಡಾಡುತ್ತಿದೆ. ಕ್ರೀಡಾಂಗಣಕ್ಕೆ ಸ್ಥಾಪಕರಾದ ರತ್ನವರ್ಮ ಹೆಗ್ಗಡೆಯವರ ಹೆಸರಿದೆ. ಈಜುಕೊಳವೂ ಇದೆ. ನದಿ ತೊರೆಗಳ ಸೀಮೆಯಲ್ಲಿ ಈಜು ಕಲಿಯುವುದು ಆಟಕ್ಕಷ್ಟೇ ಅಲ್ಲ, ಜೀವ ಉಳಿಸಿಕೊಳ್ಳಲೂ ಬೇಕು.

ವಿದ್ಯಾರ್ಥಿ ನಿಲಯಗಳು

ಹುಡುಗರಿಗೆ ಸಿದ್ಧವನ, ಹುಡುಗಿಯರಿಗೆ ಮೈತ್ರೇಯಿ ನಿಲಯ ಹೆಸರಾದವು. ಹೈಸ್ಕೂಲು ಹುಡುಗರಿಗೆ ರತ್ನಮಾನಸ ಎಂಬ ವಸತಿ ನಿಲಯವಿದೆ. ಇಲ್ಲಿ ಓದಿನ ಜೊತೆ ಬೇಸಾಯ, ಹೈನುಗಾರಿಕೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ ಕಲಿಸುತ್ತಾರೆ. ಇದನ್ನು ಜೀವನ ಶಿಕ್ಷಣ ಎಂದು ಕರೆಯುತ್ತಾರೆ. ಹತ್ತನೇ ತರಗತಿ ಮುಗಿಸಿ ಹೊರಬರುವಾಗ ಮಗುವಿಗೆ ಅಂಕಪಟ್ಟಿಯ ಜೊತೆ ನಾಲ್ಕು ಕೆಲಸವೂ ಗೊತ್ತಿರಬೇಕು ಎಂಬುದು ಉದ್ದೇಶ.

ಔಷಧ ದಾನದ ಕಟ್ಟಡಗಳು

1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಆರಂಭವಾಯಿತು. ಇಲ್ಲಿ ಕೊಡುವ ಬಿ.ಎನ್.ವೈ.ಎಸ್. ಪದವಿಯ ಅವಧಿ ಒಂದು ವರ್ಷದ ತರಬೇತಿ ಸೇರಿ ಐದೂವರೆ ವರ್ಷ. ಉಪವಾಸ, ಮಿತಾಹಾರ, ಸಸ್ಯಾಹಾರ, ಯೋಗ, ನೀರು ಮತ್ತು ಮಣ್ಣಿನ ಚಿಕಿತ್ಸೆಗಳೇ ಇದರ ಆಧಾರ. ಅನಶನ, ಊನೋದರ, ರಸಪರಿತ್ಯಾಗಗಳನ್ನು ತಪಸ್ಸಿನ ಭಾಗವಾಗಿ ಬಲ್ಲ ಜೈನ ಮನೆಯ ಮಕ್ಕಳಿಗೆ ಈ ವಿದ್ಯೆ ಹೊಸದೆನಿಸುವುದಿಲ್ಲ. ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಿದೆ. ಉಜಿರೆಯಲ್ಲಿ ಎಸ್‌ಡಿಎಂ ಆಸ್ಪತ್ರೆಯೂ ಇರುವುದರಿಂದ ನಿಲಯದ ಮಕ್ಕಳಿಗೆ ಹುಷಾರು ತಪ್ಪಿದರೆ ಮಂಗಳೂರಿನವರೆಗೆ ಓಡಬೇಕಾಗಿಲ್ಲ.

ಉಪಕರಣ: ಕಸುಬು ಕಲಿಸುವ ಸಂಸ್ಥೆಗಳು

1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು ಸ್ವಂತ ಉದ್ಯೋಗಕ್ಕೆ ಸಿದ್ಧಮಾಡುವುದು ಇದರ ಕೆಲಸ. ತರಬೇತಿ ಮುಗಿದ ಮೇಲೂ ಬ್ಯಾಂಕ್ ಸಾಲ, ಅಂಗಡಿ, ವರ್ಕ್‌ಶಾಪ್‌ಗಳ ವಿಚಾರದಲ್ಲಿ ಬೆನ್ನಹಿಂದೆ ನಿಲ್ಲುತ್ತಾರೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಕೇಂದ್ರಗಳನ್ನು ತೆರೆಯಿಸಿತು. ಡಿಗ್ರಿ ಓದಲಾಗದ ಮಗುವಿಗೂ ಉಜಿರೆಯಲ್ಲಿ ಒಂದು ಬಾಗಿಲು ತೆರೆದಿದೆ ಎಂಬುದನ್ನು ಕುಟುಂಬಗಳು ಮರೆಯಬಾರದು.

2007ರಲ್ಲಿ ಇಂಜಿನಿಯರಿಂಗ್ ಕಾಲೇಜು (ಎಸ್‌ಡಿಎಂ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಆರಂಭವಾಯಿತು. ಇದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದೆ.

ಅಭಯ: ಪ್ರಯೋಗಾಲಯ ಮತ್ತು ನಿಲಯದ ರಕ್ಷಣೆ

ಯಾವುದೇ ಕಾಲೇಜಿಗೆ ಮಗುವನ್ನು ಸೇರಿಸಿದರೂ ಅನ್ವಯಿಸುವ ಎರಡು ನಿಯಮಗಳನ್ನು ಜೈನ ಪೋಷಕರು ತಿಳಿದಿರಬೇಕು.

ಮೊದಲನೆಯದು ಪ್ರಾಣಿಶಾಸ್ತ್ರದ ಪ್ರಯೋಗಾಲಯ. ಕಪ್ಪೆ, ಜಿರಲೆ ಕೊಯ್ಯಬೇಕಾಗುತ್ತದೆಂದು ಜೀವಶಾಸ್ತ್ರವನ್ನೇ ಬಿಟ್ಟ ಮಕ್ಕಳು ನಮ್ಮ ಸಮಾಜದಲ್ಲಿ ಹಿಂದೆ ಇದ್ದರು. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2011ರಲ್ಲಿ ಪ್ರಾಣಿ ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಅದನ್ನು ನಿಲ್ಲಿಸಲು ತಿಳಿಸಿತು. ಈಗ ಮಾದರಿಗಳು, ಚಿತ್ರಗಳು, ಕಂಪ್ಯೂಟರ್ ಮೂಲಕ ಕಲಿಸಬಹುದು. ಆದ್ದರಿಂದ ಅಹಿಂಸೆಯ ಕಾರಣಕ್ಕೆ ಮಗು ಬಿ.ಎಸ್ಸಿ. ಬಿಡಬೇಕಾಗಿಲ್ಲ.

ಎರಡನೆಯದು ರ‍್ಯಾಗಿಂಗ್. ಆಯೋಗದ 2009ರ ನಿಯಮದಂತೆ ಪ್ರವೇಶದ ವೇಳೆ ವಿದ್ಯಾರ್ಥಿ ಮತ್ತು ಪೋಷಕ ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಕಾಲೇಜು ತಡೆ ಸಮಿತಿಯನ್ನು ಇಟ್ಟಿರಬೇಕು. ತೊಂದರೆಯಾದರೆ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಜಿನದರ್ಶನ ಮತ್ತು ಗ್ರಂಥ

ಧರ್ಮಸ್ಥಳದಲ್ಲಿ ಚಂದ್ರನಾಥ ಸ್ವಾಮಿ ಬಸದಿಯಿದೆ. ರತ್ನಗಿರಿಯಲ್ಲಿ 39 ಅಡಿ ಎತ್ತರದ ಬಾಹುಬಲಿ ಮೂರ್ತಿ 1982ರಲ್ಲಿ ಪ್ರತಿಷ್ಠಾಪನೆಗೊಂಡಿತು. ಕಾರ್ಕಳದಲ್ಲಿ ಇದನ್ನು ಕಡೆದವರು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಅದೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರ 35 ಅಡಿಯ ಬಾಹುಬಲಿ ಇದ್ದಾನೆ. ಮೂಡುಬಿದಿರೆ, ಕಾರ್ಕಳಗಳಿಗೆ ರಜಾದಿನ ಹೋಗಿ ಸಂಜೆಗೆ ವಾಪಸಾಗಬಹುದು. ಇತಿಹಾಸ, ಕನ್ನಡ ಓದುವವರಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ತಾಳೆಗರಿ ಗ್ರಂಥಗಳ ಸಂಗ್ರಹ ಕಾಲೇಜಿನ ಗ್ರಂಥಾಲಯದ ಮುಂದುವರಿದ ಭಾಗವಿದ್ದಂತೆ.

ಪ್ರವೇಶಕ್ಕೆ ಮೊದಲು ನೋಡಿ ಬರಬೇಕಾದವು

ಉಜಿರೆಯಾಗಲಿ ಬೇರೆ ಊರಾಗಲಿ, ಕಾಲೇಜಿನ ಮುಂಭಾಗ ನೋಡಿ ಬಂದರೆ ಸಾಲದು. ಮಗು ದಿನದ ಹೆಚ್ಚಿನ ಹೊತ್ತು ಕಳೆಯುವುದು ನಿಲಯದಲ್ಲಿ. ಈ ವಿಷಯಗಳನ್ನು ವಾರ್ಡನ್ ಅವರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು:

1. ರಾತ್ರಿಭೋಜನ ತ್ಯಾಗ ಇರುವ ಮಗುವಿಗೆ ಸಂಜೆಯ ಊಟ ಎಷ್ಟು ಗಂಟೆಗೆ ಸಿಗುತ್ತದೆ? ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಸೂರ್ಯಾಸ್ತ 7 ಗಂಟೆಯ ಹತ್ತಿರ, ನವೆಂಬರ್ ಕೊನೆಗೆ 6 ಗಂಟೆಯ ಆಸುಪಾಸು. ಅಂದರೆ ಸುಮಾರು ಒಂದು ಗಂಟೆಯ ವ್ಯತ್ಯಾಸ. ಪ್ರಾಕ್ಟಿಕಲ್ ತರಗತಿ ತಡವಾಗಿ ಮುಗಿಯುವ ದಿನಗಳಲ್ಲಿ ಏನು ವ್ಯವಸ್ಥೆ ಎಂದೂ ಕೇಳಬೇಕು.

2. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗೆಡ್ಡೆ ಗೆಣಸು ಬಿಟ್ಟವರಿಗೆ ಪಲ್ಯ ಸಾರು ಬೇರೆ ತೆಗೆದಿಡುತ್ತಾರೆಯೇ?

3. ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದಲ್ಲಿ ಏಕಭುಕ್ತ, ಉಪವಾಸ ಮಾಡುವವರಿಗೆ ಬಿಸಿ ಮಾಡಿ ಆರಿಸಿದ ನೀರು ಸಿಗುತ್ತದೆಯೇ? ಪಾರಣೆಯ ದಿನ ಬೆಳಗ್ಗೆ ಏನು ಕೊಡುತ್ತಾರೆ?

4. ಕುಡಿಯುವ ನೀರಿನ ಟ್ಯಾಂಕ್ ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಾರೆ? ಮಳೆಗಾಲದಲ್ಲಿ ಬಟ್ಟೆ ಒಣಗಲು ಮಾಡು ಇರುವ ಜಾಗ ಇದೆಯೇ? ಕರಾವಳಿಗೆ ಹೊಸಬರಾದ ಮಕ್ಕಳಿಗೆ ಮೊದಲ ತೊಂದರೆ ಇದೇ.

5. ಹುಡುಗಿಯರ ನಿಲಯದಿಂದ ತರಗತಿಗೆ ಹೋಗುವ ದಾರಿಯಲ್ಲಿ ದೀಪಗಳಿವೆಯೇ? ಗೇಟು ಮುಚ್ಚುವ ಹೊತ್ತು ಯಾವುದು? ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರು ಕರೆದೊಯ್ಯುತ್ತಾರೆ?

ಇವನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ. ವ್ರತ ಹಿಡಿದ ಮಗು ಮೊದಲ ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದು ಕೊನೆಗೆ ವ್ರತವನ್ನೋ ಕಾಲೇಜನ್ನೋ ಬಿಡುವಂತಾಗಬಾರದು. ಸೇರಿಸುವ ಮೊದಲೇ ತಿಳಿದಿದ್ದರೆ ಅಡುಗೆಯವರಿಗೂ ಸುಲಭ.

ಸಮಾಜಕ್ಕೆ ಉಜಿರೆಯ ಪಾಠ

ವಸತಿಯಿಂದ ಶುರುಮಾಡುವ ಈ ಕ್ರಮ ಜೈನ ಸಮಾಜದಲ್ಲಿ ಬೇರೆಡೆಯೂ ಇತ್ತು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗ್‌ಗಳನ್ನು ನಡೆಸಿತು. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿ, ಎಲ್ಲ ಜಾತಿಯ ಬಡ ಮಕ್ಕಳು ಒಟ್ಟಿಗೆ ಉಂಡು ಓದುವ ವಸತಿ ನಿಲಯಗಳನ್ನು ಮಹಾರಾಷ್ಟ್ರದಲ್ಲಿ ಬೆಳೆಸಿದರು. ಅವರ ಪೂರ್ವಜರ ಮೂಲ ನಮ್ಮ ಮೂಡುಬಿದಿರೆ.

ಇಂದು ಕಾಲೇಜುಗಳು ತಾಲ್ಲೂಕು ತಾಲ್ಲೂಕಿನಲ್ಲಿವೆ. ಹಳ್ಳಿಯ ಬೇಸಾಯಗಾರ ಜೈನ ಮನೆಗಳಲ್ಲಿ ಮಗಳ ಓದು ಪಿಯುಸಿಗೆ ನಿಲ್ಲುವುದು ಸೀಟು ಸಿಗದೆ ಅಲ್ಲ, ನಂಬಿ ಬಿಡಬಹುದಾದ ನಿಲಯ ಹತ್ತಿರದಲ್ಲಿ ಇಲ್ಲದೆ. ವಿದ್ಯಾದಾನಕ್ಕೆಂದು ಹಣ ತೆಗೆದಿಟ್ಟ ದಾನಿಗಳು ಸಭಾಂಗಣ, ಪ್ರವೇಶದ್ವಾರಗಳಿಗೆ ಮೊದಲು ಹತ್ತು ಹಾಸಿಗೆಯ ಒಂದು ನಿಲಯ, ಹೊತ್ತು ಮುಳುಗುವ ಮೊದಲು ಊಟ ಬಡಿಸುವ ಒಂದು ಅಡುಗೆಮನೆ, ಅದನ್ನು ವರ್ಷವರ್ಷ ನಡೆಸಲು ಒಂದು ಠೇವಣಿ, ಇವುಗಳ ಬಗ್ಗೆ ಯೋಚಿಸಬಹುದು. ಉಜಿರೆಯಲ್ಲಿ 1940ರಲ್ಲಿ ಮೊದಲು ಆದದ್ದು ಈ ಕೆಲಸವೇ. ಕಾಲೇಜು ಆಮೇಲೆ ಬಂತು.