ಕಡತ ಬಿಚ್ಚುವ ಹಕ್ಕು

ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ಇಂದು ಸಮಾನವಾಗಿ ಬಳಕೆಯಲ್ಲಿರುವ ‘ಕಡತ’ ಎಂಬ ಪದವು ಮೂಲತಃ ಬರೆಯುವ ಬಟ್ಟೆಯ ಹೆಸರು. ಸುಮಾರು 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಅಂಟು ಮತ್ತು ಇದ್ದಿಲಪುಡಿಯ ಮಿಶ್ರಣ ಬಳಿದು, ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಚಿ, ಎರಡು ತುದಿಗಳಿಗೆ ಮರದ ಹಲಗೆ ಕೂರಿಸಿ ಇದನ್ನು ಸಿದ್ಧಪಡಿಸುತ್ತಿದ್ದರೆಂದು 1810ರಲ್ಲಿ ಮೈಸೂರಿನ ಇತಿಹಾಸವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ವಿವರಿಸುತ್ತಾನೆ. ಬಳಪದಿಂದ ಬರೆದುದನ್ನು ಅಳಿಸಿ ಮತ್ತೆ ಬರೆಯಲೂ ಬರುತ್ತಿದ್ದುದರಿಂದ, ಕಡತ ಯಾರ ವಶದಲ್ಲಿದೆ ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ. ಅದರಿಂದ ಹುಟ್ಟುವ ಪ್ರಶ್ನೆ ಇದು: ಉಸ್ತುವಾರಿಯ ಅಧಿಕಾರವಿಲ್ಲದವನು ತನಗೆ ಸೇರಿದ ಬರಹವನ್ನು ತರಿಸಿ ನೋಡಬಲ್ಲನೇ?

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಹಳೆಯ ಬೇರುಗಳಿವೆ. ಸಾಗರದ ಕೆಳದಿ–ಇಕ್ಕೇರಿ, ಹೊಸನಗರದ ಬಿದನೂರು ಅಂದರೆ ಇಂದಿನ ನಗರ, ತೀರ್ಥಹಳ್ಳಿಯ ಕವಲೇದುರ್ಗ ಇವೆಲ್ಲ ಕೆಳದಿ ಅರಸರ ಆಡಳಿತದ ನೆಲೆಗಳು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಂದಾಯ ನಿರ್ಣಯವು ‘ಶಿಸ್ತು’ ಎಂದು ಹೆಸರಾಯಿತು. ಭೂಮಿಯನ್ನು ಗುಣಾನುಸಾರ ವಿಂಗಡಿಸಿ, ಬಿತ್ತನೆ, ಖರ್ಚು, ಫಸಲುಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು ಕಂದಾಯ ನಿಗದಿಮಾಡಿದ ಈ ವ್ಯವಸ್ಥೆಯನ್ನು ಮಲೆನಾಡು ಇಂದಿಗೂ ಗೌರವದಿಂದ ನೆನೆಯುತ್ತದೆ.

ಆದರೆ ಲೆಕ್ಕವಿರುವುದು ಬೇರೆ, ಅದು ರೈತನ ಕಣ್ಣಿಗೆ ಬೀಳುವುದು ಬೇರೆ. ಊರಿನ ಲೆಕ್ಕಪತ್ರವು ವಂಶಪಾರಂಪರ್ಯವಾಗಿ ಶಾನುಭೋಗರ ಮನೆಯಲ್ಲಿರುತ್ತಿತ್ತು; ಕಾಗದ ಬಂದ ಮೇಲೂ ಓದುಬಾರದ ಗೇಣಿದಾರನಿಗೆ ಅವರ ಬಾಯಿಮಾತೇ ದಾಖಲೆಯಾಗಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಗೇಣಿಭತ್ತ ಅಳೆಯುವ ಕೊಳಗದ ಗಾತ್ರವೇ ವಿವಾದದ ಕೇಂದ್ರದಲ್ಲಿತ್ತು. ಅಳತೆಯೂ ಬರಹವೂ ಒಡೆಯರ ಕಡೆಗಿದ್ದಾಗ ಉಳುವವನ ಹಕ್ಕಿಗೆ ಸಾಕ್ಷಿ ಎಲ್ಲಿಂದ ಬರಬೇಕು? 1974ರ ಭೂಸುಧಾರಣೆಯ ಅಡಿಯಲ್ಲಿ ಭೂನ್ಯಾಯ ಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದವರಿಗೂ ಪಹಣಿಯ, ಅಂದರೆ ಹಿಡುವಳಿ ಮತ್ತು ಬೆಳೆಯ ದಾಖಲೆಯ, ಒಂದು ಸಾಲು ಬಲುದೊಡ್ಡ ಆಧಾರವಾಯಿತು.

ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾಯಿತು. 2000ದ ಸುಮಾರಿಗೆ ಬಂದ, ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಿಂದ ಯಾವ ರೈತನೇ ಆಗಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿಯ ಪ್ರತಿ ಪಡೆಯುವಂತಾದದ್ದು, ಕಡತದ ದೀರ್ಘ ಇತಿಹಾಸದಲ್ಲಿ ಶಿಸ್ತಿನಷ್ಟೇ ತೂಕದ ಘಟನೆ. 2005ರ ಮಾಹಿತಿ ಹಕ್ಕು ಕಾಯ್ದೆ ಉಳಿದ ಕಡತಗಳಿಗೂ ಆ ದಾರಿ ತೆರೆಯಿತು.

ಸರ್ಕಾರದ ದಾಖಲೆ ಕೊಠಡಿಗಳ ಹಳೆಯ ಪುಟಗಳು ಈಗ ಸ್ಕ್ಯಾನ್ ಆಗುತ್ತಿವೆ. ಖಾಸಗಿ ಮನೆಗಳ ಅಟ್ಟದಲ್ಲಿರುವುದಕ್ಕೆ ಅಂಥ ರಕ್ಷಣೆಯಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಿರಿಯರ ಕಡತ, ತಾಳೆಗರಿಗಳನ್ನು ಇಟ್ಟುಕೊಂಡಿರುವ ಮನೆತನಗಳು, ಮಳೆಗಾಲದ ತೇವಕ್ಕೂ ಗೆದ್ದಲಿಗೂ ಅವು ತುತ್ತಾಗುವ ಮೊದಲೇ, ಕೆಳದಿಯ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳಿಗೆ ತೋರಿಸಿ ಪ್ರತಿ ಮಾಡಿಸಿಡಬೇಕು.