ಗೈಡ್ ಚಳವಳಿ (ಅರಸೀಕೆರೆ, ಬೇಲೂರು, ಹಳೇಬೀಡು)

ಹೆಣ್ಣುಮಕ್ಕಳಲ್ಲಿ ನಾಯಕತ್ವ ಬೆಳೆಸುವ, ಲಾಭದ ಉದ್ದೇಶವಿಲ್ಲದ ಚಳವಳಿ. ಭಾರತದಲ್ಲಿ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯೊಳಗೆ ಗರ್ಲ್ ಗೈಡ್ಸ್ ಸಂಘ 1951ರ ಆಗಸ್ಟ್ 15ರಂದು ವಿಲೀನವಾಯಿತು. ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳು (ಹಳೇಬೀಡು ಬೇಲೂರಿನ ಹೋಬಳಿ) ಹಾಸನ ಜಿಲ್ಲಾ ಸಂಸ್ಥೆಯ ವ್ಯಾಪ್ತಿಗೆ ಸೇರುತ್ತವೆ. ಚಿಕ್ಕವರು ಬುಲ್‌ಬುಲ್, ಹತ್ತು ವರ್ಷ ತುಂಬಿದವರು ಗೈಡ್, ದೊಡ್ಡವರು ರೇಂಜರ್. ಆರರಿಂದ ಎಂಟು ಹುಡುಗಿಯರ ತಂಡಕ್ಕೆ ಅವರಲ್ಲೇ ಒಬ್ಬಳು ನಾಯಕಿ. ಶಿಬಿರದಲ್ಲಿ ಅಡುಗೆ, ನೀರು, ಡೇರೆಯ ಕೆಲಸ ಹಂಚುವವಳು ಅವಳೇ. ಚಳವಳಿಯ ನಿಜವಾದ ಪಾಠಶಾಲೆ ಈ ತಂಡವೇ, ಸಮವಸ್ತ್ರದ ಕವಾಯತಲ್ಲ. ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ ಬಳಕೆ ಕಲಿತು ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಹಂತಗಳನ್ನು ದಾಟಿದವರು ರಾಜ್ಯ ಪುರಸ್ಕಾರಕ್ಕೆ, ಮುಂದೆ ರಾಷ್ಟ್ರಪತಿ ಪುರಸ್ಕಾರಕ್ಕೆ ಅರ್ಹತೆ ಪಡೆಯಬಹುದು. ಗೈಡ್‌ಗಳು ಪರಸ್ಪರ ಎಡಗೈ ಕುಲುಕುತ್ತಾರೆ.